ಕೈಗೆ ಸಿಗದ ಕಿವಿ

ಕಳೆದ ವರ್ಷ ಕನ್ನಡಕದ ಅಂಗಡಿಗೆ ಹೋಗಿದ್ದೆ. ಕೌಂಟರಿನ ಹುಡುಗ ಕೇಳಿದ, "ಚಾಳೀಸು ಯಾರಿಗೆ? ಅಮ್ಮಂಗಾ?"

"ನನಗೇ."

ಅವನು ನಕ್ಕ. ನಾನೇನೋ ತಮಾಷೆ ಮಾಡಿದೆ ಅಂದುಕೊಂಡ. ಕಣ್ಣಿನ ಡಾಕ್ಟರ್ ಬರೆದುಕೊಟ್ಟ ಚೀಟಿ ಬಿಚ್ಚಿ ಓದಿದ. ಅದರಲ್ಲಿ ನನ್ನ ಹೆಸರಿನ ಪಕ್ಕ 41 ಅಂತ ಇತ್ತು. ಚೀಟಿ ನೋಡಿದ, ನನ್ನ ಮುಖ ನೋಡಿದ, ಮತ್ತೆ ಚೀಟಿ ನೋಡಿದ. "ವಯಸ್ಸು ತಪ್ಪು ಬರೆದಿದಾರೆ ಅನ್ಸುತ್ತೆ" ಅಂದ. ಪಾಪ, ನನ್ನ ಪರವಾಗಿಯೇ ಹೇಳಿದ್ದು.

ಚಾಳೀಸು ಅನ್ನುವ ಮಾತು ಬಂದದ್ದೇ ನಲವತ್ತರ ಲೆಕ್ಕದಿಂದ. ಆ ಹೊತ್ತಿಗೆ ಕಣ್ಣೊಳಗಿನ ಮಸೂರ ಗಟ್ಟಿಯಾಗುತ್ತದೆ. ಹತ್ತಿರದ ಅಕ್ಷರಕ್ಕೆ ಬಗ್ಗುವುದಿಲ್ಲ. ಪುಸ್ತಕ ಹಿಡಿದ ಕೈ ತಾನಾಗೇ ದೂರ ಹೋಗುತ್ತದೆ. ಮೊದಮೊದಲು ಹಾಜರಿ ಪುಸ್ತಕದಲ್ಲಿ 3 ಯಾವುದು 8 ಯಾವುದು ಅಂತ ಗೊತ್ತಾಗದೆ ಕಿಟಕಿ ಹತ್ತಿರ ಹೋಗುತ್ತಿದ್ದೆ. ನನ್ನ ಮುಖ ಇಪ್ಪತ್ತೈದರ ಹತ್ತಿರ ಎಲ್ಲೋ ನಿಂತುಬಿಟ್ಟಿದೆ, ನಿಜ. ಆದರೆ ಆ ಸುದ್ದಿಯನ್ನು ಯಾರೂ ಕಣ್ಣಿಗೆ ತಿಳಿಸಿಲ್ಲ. ಮಂಡಿಗೂ ತಿಳಿಸಿಲ್ಲ. ಮೆಟ್ಟಿಲು ಇಳಿಯುವಾಗ ಅದು ತನ್ನ ನಲವತ್ತೆರಡನ್ನು ಸರಿಯಾಗಿಯೇ ಎಣಿಸುತ್ತದೆ.

ನನ್ನ ಎತ್ತರ ನಾಲ್ಕಡಿ ಒಂಬತ್ತಿಂಚು. ದುಂಡು ಮುಖ, ಚಿಕ್ಕ ಗದ್ದ, ಮುಖಕ್ಕೆ ಸ್ವಲ್ಪ ಜಾಸ್ತಿಯೇ ಆಯಿತು ಅನ್ನುವಂಥ ಕಣ್ಣು. ನಾನು ವಿಜ್ಞಾನದ ಟೀಚರ್, ಹಾಗಾಗಿ ಇದಕ್ಕೊಂದು ವಿವರಣೆ ಹುಡುಕದೆ ಬಿಟ್ಟಿಲ್ಲ. ಕೊನ್ರಾಡ್ ಲೊರೆಂಜ್ ಅಂತ ಆಸ್ಟ್ರಿಯಾದ ವಿಜ್ಞಾನಿ 1943ರಲ್ಲಿ ಬರೆದಿದ್ದರು: ದೊಡ್ಡ ಕಣ್ಣು, ದುಂಡು ಕೆನ್ನೆ, ಚಿಕ್ಕ ಗದ್ದ ಕಂಡರೆ ನಮಗೆ ಅದು ಮರಿ ಅನ್ನಿಸುತ್ತದೆ, ಮುದ್ದು ಬರುತ್ತದೆ. ಮನುಷ್ಯರ ಮರಿ, ನಾಯಿ ಮರಿ, ಯಾವುದಾದರೂ ಸರಿ. ಅಂದರೆ ಜನ ನನ್ನ ವಯಸ್ಸನ್ನು ನೋಡುತ್ತಲೇ ಇಲ್ಲ. ಮರಿಯನ್ನು ನೋಡುತ್ತಿದ್ದಾರೆ. ಇದು ಗೊತ್ತಾದ ಮೇಲೆ ನನಗೆ ಸಮಾಧಾನವೇನೂ ಆಗಲಿಲ್ಲ.

ಇದು ಶುರುವಾದದ್ದು ಒಂದನೇ ಕ್ಲಾಸಿಗೆ ಸೇರುವಾಗ. ನಮ್ಮೂರು ಸಾಗರದ ಹತ್ತಿರ. ಆಗ ಹಳ್ಳಿಯಲ್ಲಿ ಜನನ ಪ್ರಮಾಣಪತ್ರ ಅಂತ ಯಾರ ಹತ್ತಿರ ಇತ್ತು? ಮಗುವಿಗೆ ವಯಸ್ಸಾಗಿದೆಯೋ ಇಲ್ಲವೋ ನೋಡಲು ಹೆಡ್ಮೇಷ್ಟ್ರ ಹತ್ತಿರ ಒಂದೇ ಅಳತೆಗೋಲು ಇತ್ತು. ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಬೇಕು. ಸಿಕ್ಕಿದರೆ ಒಂದನೇ ಕ್ಲಾಸು, ಸಿಗದಿದ್ದರೆ ಮನೆ. ಇದೇನೂ ತೀರಾ ಮೂಢತನ ಅಲ್ಲ. ಎಳೆ ಮಕ್ಕಳಿಗೆ ತಲೆ ದೊಡ್ಡದು, ಕೈ ಗಿಡ್ಡ. ಐದಾರು ವರ್ಷಕ್ಕೆ ಕೈ ಬೆಳೆದು ಕಿವಿಗೆ ಸಿಗುತ್ತದೆ. ಸುಮಾರು ಮಕ್ಕಳಿಗೆ ಲೆಕ್ಕ ಸರಿಹೋಗುತ್ತದೆ.

1988ರ ಜೂನಿನಲ್ಲಿ ನನಗೆ ಕಿವಿ ಸಿಗಲಿಲ್ಲ. ಮುಂದಿನ ವರ್ಷ ಬಾ ಅಂದರು. ಒಂದು ವರ್ಷ ಅಮ್ಮ ದಿನಾ ತಲೆ ಬಾಚುವಾಗ ಅಭ್ಯಾಸ ಮಾಡಿಸಿದಳು. 1989ರಲ್ಲಿ ಮತ್ತೆ ಹೋದೆವು. ಮಧ್ಯದ ಬೆರಳು ಕಿವಿಯ ಮೇಲಂಚಿಗೆ ತಾಗುತ್ತಿತ್ತು, ಆದರೆ ನಾನು ಕತ್ತು ವಾಲಿಸಿದರೆ ಮಾತ್ರ. "ತಲೆ ನೆಟ್ಟಗೆ ಇಟ್ಕೊ" ಅಂದರು ಮೇಷ್ಟ್ರು. ನೆಟ್ಟಗೆ ಇಟ್ಟೆ. ಕಿವಿ ಹೋಯಿತು. ಅಪ್ಪಯ್ಯನಿಗೆ ತಡೆಯಲಾಗಲಿಲ್ಲ.

"ಗಿಡ್ಡ ಇರೋದು ಕೈ ಸಾರ್, ವಯಸ್ಸಲ್ಲ."

ಮೇಷ್ಟ್ರು ನಕ್ಕು ಸೇರಿಸಿಕೊಂಡರು. ಆದರೆ ಹುಟ್ಟಿದ ದಿನದ ಕಾಲಂ ಬಂದಾಗ ಪೆನ್ನು ನಿಲ್ಲಿಸಿದರು. ಅಮ್ಮ ಹೇಳಿದ ಲೆಕ್ಕ ಹೀಗಿತ್ತು: ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಆದ ವರ್ಷ, ಹೋಳಿ ಹುಣ್ಣಿಮೆ ಕಳೆದು ಎರಡು ದಿನಕ್ಕೆ. ಹೆಗಡೆಯವರು ಪಕ್ಕದ ಸಿದ್ದಾಪುರ ತಾಲ್ಲೂಕಿನವರು, ಹಾಗಾಗಿ ನಮ್ಮ ಕಡೆ ಆ ವರ್ಷವನ್ನು ಯಾರೂ ಮರೆತಿರಲಿಲ್ಲ. ಅಂದರೆ 1983ರ ಮಾರ್ಚ್ ಕೊನೆ. ಮೇಷ್ಟ್ರಿಗೆ ಅದು ಒಪ್ಪಿಗೆಯಾಗಲಿಲ್ಲ. ಈ ಗಾತ್ರಕ್ಕೆ ಆರು ದಾಟಿದೆ ಅಂತ ಬರೆದರೆ ತಪಾಸಣೆಗೆ ಬಂದವರು ನಂಬುವುದಿಲ್ಲ ಅಂತ ಹೇಳಿ, 1-6-1984 ಅಂತ ಬರೆದರು. ಅಲ್ಲಿಗೆ ನನ್ನ ಹದಿನಾಲ್ಕು ತಿಂಗಳು ಕಡತದಿಂದ ಮಾಯವಾಯಿತು.

ಜೂನ್ 1 ಯಾಕೆ ಅಂತ ನಮ್ಮ ಪೀಳಿಗೆಯವರಿಗೆ ಹೇಳಬೇಕಿಲ್ಲ. ಶಾಲೆ ಶುರುವಾಗುವುದು ಜೂನಿನಲ್ಲಿ, ವಯಸ್ಸು ಲೆಕ್ಕ ಹಾಕುವುದು ಆ ದಿನಕ್ಕೆ. ಕೂಡಿ ಕಳೆಯಲು ಸುಲಭ ಅಂತ ಮೇಷ್ಟ್ರುಗಳು ಎಲ್ಲರನ್ನೂ ಅಂದೇ ಹುಟ್ಟಿಸಿಬಿಟ್ಟರು. ನಮ್ಮ ಸ್ಟಾಫ್ ರೂಮಿನಲ್ಲಿ ಒಂದು ಕಾಲಕ್ಕೆ ಹನ್ನೊಂದು ಜನರಲ್ಲಿ ಐವರದ್ದು ಜೂನ್ 1. ರಾಜ್ಯ ಸರ್ಕಾರದಲ್ಲಿ ನಿವೃತ್ತಿ 60ಕ್ಕೆ. ತಿಂಗಳ ಮೊದಲನೇ ತಾರೀಖು ಹುಟ್ಟಿದವರು ಹಿಂದಿನ ತಿಂಗಳ ಕೊನೇ ದಿನವೇ ಹೊರಡಬೇಕು. ಅದಕ್ಕೇ ಪ್ರತಿ ಮೇ 31ಕ್ಕೆ ಬೀಳ್ಕೊಡುಗೆಯೋ ಬೀಳ್ಕೊಡುಗೆ, ಹಾರ ಮಾರುವವರಿಗೆ ಸುಗ್ಗಿ. ನಾನೂ 2044ರ ಮೇ 31ಕ್ಕೆ ಹೋಗುತ್ತೇನೆ, ಅರವತ್ತೊಂದು ತುಂಬಿ ಎರಡು ತಿಂಗಳಾದ ಮೇಲೆ. ಗಿಡ್ಡ ಕೈಯಿಂದ ನನಗೆ ಆದ ಒಂದೇ ಲಾಭ ಅದು, ಹದಿನಾಲ್ಕು ತಿಂಗಳ ಸಂಬಳ.

2008ರಲ್ಲಿ ಕೆಲಸ ಸಿಕ್ಕಿತು. ಮೊದಲ ದಿನ ಆದೇಶದ ಪ್ರತಿಯನ್ನು ಪ್ಲಾಸ್ಟಿಕ್ ಫೈಲಿನಲ್ಲಿಟ್ಟುಕೊಂಡು ಹೋಗಿ ಆಫೀಸು ರೂಮಿನ ಬಾಗಿಲಲ್ಲಿ ನಿಂತೆ. ಗುಮಾಸ್ತರು ತಲೆ ಎತ್ತದೆ ಕೇಳಿದರು, "ಟಿ.ಸಿ. ತಂದಿದೀಯೇನಮ್ಮಾ?" ನಾನು ಸೀರೆ ಉಟ್ಟಿದ್ದೆ ಅನ್ನುವುದನ್ನು ಇಲ್ಲಿ ಹೇಳಲೇಬೇಕು. ಆಮೇಲೆ ತಲೆ ಎತ್ತಿ ಸೀರೆ ನೋಡಿದರು. ಆದರೂ ಅನುಮಾನ ಹೋಗಲಿಲ್ಲ. "ಅಕ್ಕನ ಜೊತೆ ಬಂದ್ಯಾ?"

ಅಂದಿನಿಂದ ದೊಡ್ಡವಳಾಗಲು ನಾನು ಮಾಡದ ಸರ್ಕಸ್ ಇಲ್ಲ. ಗಂಜಿ ಹಾಕಿದ ಕಾಟನ್ ಸೀರೆ. ದಪ್ಪ ಫ್ರೇಮಿನ ಕನ್ನಡಕ, ಆಗ ಅದಕ್ಕೆ ನಂಬರೇ ಇರಲಿಲ್ಲ. ಗಂಡಸರ ಥರದ ಅಗಲ ಡಯಲಿನ ವಾಚು. ಬಿಗಿಯಾಗಿ ಕಟ್ಟಿದ ತುರುಬು. ಕನ್ನಡಿಯಲ್ಲಿ ನೋಡಿಕೊಂಡರೆ ಶಾಲಾ ವಾರ್ಷಿಕೋತ್ಸವದ ನಾಟಕದಲ್ಲಿ ಟೀಚರ್ ಪಾರ್ಟು ಮಾಡುವ ಹುಡುಗಿಯ ಹಾಗೆ ಕಾಣುತ್ತಿದ್ದೆ.

"ನಿಮ್ಮದೇ ಅದೃಷ್ಟ ಬಿಡಿ" ಅನ್ನುವವರು ಬೇಕಾದಷ್ಟು ಜನ. ಮಗಳ ಜೊತೆ ಹೋದರೆ ಸಂತೂರ್ ಮಮ್ಮಿ ಅಂತ ರೇಗಿಸುತ್ತಾರೆ. ನಗುತ್ತೇನೆ. ನಮ್ಮವರಿಗೆ ನನಗಿಂತ ಮೂರೇ ವರ್ಷ ಜಾಸ್ತಿ, ಆದರೆ ಕೂದಲು ಮೂವತ್ತಕ್ಕೇ ಕೈಕೊಟ್ಟಿತು. ಬಟ್ಟೆ ಅಂಗಡಿಯಲ್ಲಿ ಒಮ್ಮೆ ಅವರನ್ನು ನನ್ನ ಅಪ್ಪನ ಜಾಗದಲ್ಲಿ ಕೂರಿಸಿಬಿಟ್ಟರು. ಆ ಕಥೆ ಇಲ್ಲಿ ಬೇಡ, ಅವರು ಇದನ್ನು ಓದುತ್ತಾರೆ.

ನನಗೆ ಚುಚ್ಚುತ್ತಿದ್ದದ್ದು ಬೇರೆ. ಕನ್ನಡದಲ್ಲಿ ಎದುರಿನವರ ವಯಸ್ಸು ಗೊತ್ತಿಲ್ಲದೆ ಒಂದು ವಾಕ್ಯ ಮುಗಿಸುವುದು ಕಷ್ಟ. ಬಾ ಅನ್ನಬೇಕೋ ಬನ್ನಿ ಅನ್ನಬೇಕೋ, ಬಾಯಿ ತೆರೆಯುವ ಮೊದಲೇ ತೀರ್ಮಾನ ಆಗಿರಬೇಕು. ಆ ತೀರ್ಮಾನವನ್ನು ಜನ ಅರೆಗಳಿಗೆಯಲ್ಲಿ ಮಾಡುತ್ತಾರೆ, ಎತ್ತರ ನೋಡಿ, ಬಟ್ಟೆ ನೋಡಿ, ಕುತ್ತಿಗೆ ನೋಡಿ. ಗೊತ್ತಾಗದಿದ್ದರೆ ಜಾಣರು ನೀನು ನೀವು ಎರಡನ್ನೂ ನುಂಗಿಬಿಡುತ್ತಾರೆ. "ಎಲ್ಲಿಗೆ ಹೋಗ್ಬೇಕಿತ್ತು?" "ಊಟ ಆಯ್ತಾ?" "ಯಾವೂರು ಆಗ್ಬೇಕು?" ಇಂಥ ಮಾತಿನಲ್ಲಿ ಯಾರಿಗೂ ವಯಸ್ಸೇ ಇರುವುದಿಲ್ಲ. ನನ್ನ ಜೊತೆ ಹತ್ತು ನಿಮಿಷ ಹೀಗೇ ದಾಟಿಸಿದವರನ್ನು ನೋಡಿದ್ದೇನೆ, ಒಂದೇ ಒಂದು ಸಲವೂ ಸಿಕ್ಕಿಬೀಳದೆ. ಮಿಕ್ಕವರು ಬಾ ಅಂತಲೇ ಶುರು ಮಾಡಿ, ಅರ್ಧದಲ್ಲಿ ತಾಳಿಯೋ ಐಡಿ ಕಾರ್ಡೋ ಕಂಡು, "ಬಾರಮ್... ಬನ್ನಿ ಮೇಡಂ, ಬನ್ನಿ" ಅಂತ ಬಾಲ ಅಂಟಿಸುತ್ತಾರೆ. ಆ ಮಧ್ಯದ ತಡವರಿಕೆ ಇದೆಯಲ್ಲ, ನನ್ನ ಅರ್ಧ ಬದುಕು ಅದರೊಳಗೇ ಕಳೆದಿದೆ.

2023ರ ಮೇ 10ರ ವಿಧಾನಸಭಾ ಚುನಾವಣೆಯಲ್ಲಿ ನಾನು ಒಂದು ಹಳ್ಳಿಯ ಮತಗಟ್ಟೆಗೆ ಪಿ.ಆರ್.ಓ. ಅಂದರೆ ಆ ಬೂತಿಗೆ ಮುಖ್ಯಸ್ಥೆ. ರಾತ್ರಿ ಶಾಲೆಯಲ್ಲೇ ಮಲಗಿದ್ದೆವು. ಮತದಾನ ಏಳಕ್ಕೆ ಶುರು, ಅದಕ್ಕೆ ಒಂದೂವರೆ ಗಂಟೆ ಮೊದಲು ಪಕ್ಷಗಳ ಏಜೆಂಟರ ಮುಂದೆ ಅಣಕು ಮತದಾನ ಆಗಬೇಕು. ಐದು ಗಂಟೆ ದಾಟಿತ್ತು. ನಾನು ಚೂಡಿದಾರದಲ್ಲಿ, ಒದ್ದೆ ಕೂದಲು ಬಿಟ್ಟುಕೊಂಡು, ವರಾಂಡದಲ್ಲಿ ಕೂತು ಲಕೋಟೆಗಳನ್ನು ಜೋಡಿಸುತ್ತಿದ್ದೆ. ಒಬ್ಬ ಏಜೆಂಟರು ಬೈಕಿನಿಂದ ಇಳಿದು ಬಂದರು. ಬಿಳಿ ಶರಟು, ಐವತ್ತರ ಆಸುಪಾಸು.

"ಪಾಪು, ಪಿ.ಆರ್.ಓ. ಸಾಹೇಬ್ರು ಎದ್ದಿದಾರಾ ನೋಡು."

"ಎದ್ದಿದಾರೆ."

"ಕರಿ ಸ್ವಲ್ಪ."

"ಬಂದಿದಾರೆ. ಕೂತ್ಕೊಳ್ಳಿ."

ಅವರು ಆಚೀಚೆ ನೋಡಿ ಬೆಂಚಿನ ಮೇಲೆ ಕೂತರು. ಮಿಕ್ಕ ಏಜೆಂಟರೂ ಬಂದರು. ನಾನು ಯಂತ್ರಗಳನ್ನು ಜೋಡಿಸಿದೆ. ಒಬ್ಬೊಬ್ಬರಿಂದ ಗುಂಡಿ ಒತ್ತಿಸಿದೆ, ಐವತ್ತು ಮತ ಆಗುವ ತನಕ. ಎಣಿಸಿದೆ, ತಾಳೆ ನೋಡಿದೆ, ಅಳಿಸಿದೆ. ಅವರು ಇನ್ನೂ ಬಾಗಿಲ ಕಡೆ ನೋಡುತ್ತಲೇ ಇದ್ದರು, ಸಾಹೇಬರು ಯಾವಾಗ ಬರುತ್ತಾರೋ ಅಂತ. ಕೊನೆಗೆ ಪ್ರಮಾಣಪತ್ರಕ್ಕೆ ಸಹಿ ಹಾಕಲು ಕೊಟ್ಟೆ. ಹಾಕಿದರು. ಕೆಳಗೆ ಪಿ.ಆರ್.ಓ. ಸಹಿಯ ಜಾಗದಲ್ಲಿ ನಾನು ಹಾಕಿದೆ. ಪೆನ್ನು ಮುಚ್ಚುವ ತನಕ ಅವರು ಮಾತಾಡಲಿಲ್ಲ. ಆಮೇಲೆ ನಿಧಾನಕ್ಕೆ, "ಕಾಫಿ ಕುಡಿದ್ರಾ ಮೇಡಂ?" ಅಂದರು.

ಆ ಇಡೀ ದಿನ ಅವರು ನನ್ನ ಜೊತೆ ಬಹುವಚನದಲ್ಲಿ ಮಾತಾಡಿದ್ದು ನೆನಪಿದೆ. ಜಾಸ್ತಿಯೇ ಮಾತಾಡಿದರು. ಸಂಜೆ ಆರಕ್ಕೆ ಬಾಗಿಲು ಹಾಕುವಾಗ "ತಾವು" ತನಕ ಬಂದಿತ್ತು. ಗೆದ್ದೆ ಅನ್ನಿಸಿತು. ಅಂಥ ಗೆಲುವುಗಳನ್ನು ನಾನು ಲೆಕ್ಕ ಇಟ್ಟುಕೊಳ್ಳುತ್ತಿದ್ದ ಕಾಲ ಅದು.

ಮುಂದಿನ ವರ್ಷ ಅಪ್ಪಯ್ಯ ಹೋದ. ಹದಿಮೂರು ದಿನ ಮನೆ ತುಂಬ ಜನ. ಎಲ್ಲ ಮುಗಿಸಿ ಸಾಗರದ ಮನೆಗೆ ಬಂದ ಮೇಲೆ ಒಂದು ಸಂಜೆ ಸುಮ್ಮನೆ ಕೂತಿದ್ದಾಗ ಒಂದು ಲೆಕ್ಕ ತಲೆಗೆ ಬಂತು. ನನ್ನನ್ನು "ನೀನು" ಅನ್ನುವವರು ಇನ್ನು ಎಷ್ಟು ಜನ ಇದ್ದಾರೆ? ಅಮ್ಮ. ಅಣ್ಣ. ಇಬ್ಬರು ಚಿಕ್ಕಮ್ಮಂದಿರು, ಅದರಲ್ಲಿ ಒಬ್ಬರಿಗೆ ಈಗ ಯಾರ ಗುರುತೂ ಹತ್ತುವುದಿಲ್ಲ. ನಮ್ಮವರು. ಕಾಲೇಜಿನ ಗೆಳತಿಯರು ನಾಲ್ವರು. ಮಗಳು, ಸಿಟ್ಟು ಬಂದಾಗ ಮಾತ್ರ ಅಲ್ಲ, ಯಾವಾಗಲೂ. ಅಷ್ಟೇ. ಶಾಲೆಯಲ್ಲಿ ಈಗ ನಾನೇ ಸೀನಿಯರ್. ಬೈತಲೆಯಲ್ಲಿ ಬಿಳಿ ಕೂದಲು ಬಂದ ಮೇಲೆ ಬಸ್ಸಿನಲ್ಲೂ ತಡವರಿಸುವವರು ಕಡಿಮೆಯಾಗಿದ್ದಾರೆ, ಸೀದಾ ಮೇಡಂ ಅನ್ನುತ್ತಾರೆ. ಕಂಡಕ್ಟರಿಗೆ ಆಧಾರ್ ತೋರಿಸಿದರೆ ಮೊದಲು ಹುಟ್ಟಿದ ವರ್ಷ ನೋಡಿ ಹುಬ್ಬು ಏರಿಸುತ್ತಿದ್ದರು, ಈಗ ಶೂನ್ಯ ಟಿಕೆಟ್ ಹರಿದು ಕೊಟ್ಟು ಮುಂದೆ ಹೋಗುತ್ತಾರೆ. ಇಷ್ಟು ವರ್ಷ ಬೇಡಿದ್ದು ಇದನ್ನೇ, ಅಲ್ವಾ?

2025ರ ಸೆಪ್ಟೆಂಬರ್ 22ಕ್ಕೆ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಶುರುವಾಯಿತು. ದಸರಾ ರಜೆ ಬಿಟ್ಟು ಟೀಚರುಗಳೆಲ್ಲ ಮನೆ ಮನೆಗೆ. 60 ಪ್ರಶ್ನೆ, ಒಂದು ಮೊಬೈಲು, ಒಂದು ಕೊಡೆ. ನನಗೆ ಬಂದದ್ದು ಶರಾವತಿ ಹಿನ್ನೀರಿನ ಆಚೆ ದಡದ ಮನೆಗಳು. ಮೊದಲಾದರೆ ಅಂಬಾರಗೋಡ್ಲಿನಲ್ಲಿ ಲಾಂಚ್ ಕಾದು, ಬಸ್ಸು ಕಾರುಗಳ ಮಧ್ಯ ನಿಂತು ದಾಟಬೇಕಿತ್ತು. ಜುಲೈನಲ್ಲಿ ಸೇತುವೆ ಆಯಿತಲ್ಲ, ಎರಡು ಕಿಲೋಮೀಟರಿಗೂ ಉದ್ದ, ಈಗ ಸ್ಕೂಟಿಯಲ್ಲಿ ಐದು ನಿಮಿಷ. ಗಾಳಿಗೆ ಸ್ಕೂಟಿ ಸಮೇತ ನಾನು ಹಾರಿಹೋಗದಿದ್ದದ್ದೇ ಹೆಚ್ಚು.

ವಯಸ್ಸನ್ನು ಯಾರೂ ನಂಬದ ಹೆಂಗಸು ಊರಿನವರ ವಯಸ್ಸು ಕೇಳುತ್ತಾ ಹೊರಟಿದ್ದಳು. ಗಂಡಸರು ಐವತ್ತು, ಐವತ್ತೈದು, ಅರವತ್ತು ಅನ್ನುತ್ತಾರೆ. ನಲವತ್ತೇಳು ಅಂದವರು ಕಡಿಮೆ. ಜನಗಣತಿಯ ಪಟ್ಟಿಗಳಲ್ಲೂ ಹೀಗೇ, ಸೊನ್ನೆ ಮತ್ತು ಐದರಲ್ಲಿ ಮುಗಿಯುವ ವಯಸ್ಸಿನ ಮುಂದೆ ಜನ ಗುಂಪು ಕಟ್ಟಿಕೊಂಡು ನಿಂತಿರುತ್ತಾರೆ. ಆಧಾರ್ ತರಿಸಿ ನೋಡಿದರೆ ಇನ್ನೊಂದು ಮಜಾ. ವಯಸ್ಸಾದವರಲ್ಲಿ ಶಾಲೆಗೆ ಹೋದವರು ಜೂನ್ 1, ಹೋಗದವರು ಜನವರಿ 1. ಹುಟ್ಟಿದ ದಿನ ಗೊತ್ತಿಲ್ಲ ಅಂದರೆ ಆಧಾರಿನಲ್ಲಿ ವರ್ಷ ಮಾತ್ರ ಅಂದಾಜು ಮಾಡಿ ಜನವರಿ 1 ಅಂತ ಹಾಕಿಬಿಡುತ್ತಿದ್ದರು.

ಅಂಥ ಒಂದು ಜನವರಿ 1ರ ಅಜ್ಜಿ. ಮಳೆ ಬಿಟ್ಟೂ ಬಿಡದ ಹಾಗೆ ಬರುತ್ತಿತ್ತು. ಭೂಮಿ ಹುಣ್ಣಿಮೆ ಹತ್ತಿರ ಇತ್ತು, ಜಗಲಿಗೆ ಕೆಮ್ಮಣ್ಣು ಬಳಿದಿದ್ದರು. ಅಜ್ಜಿ ಕಂಬಕ್ಕೆ ಒರಗಿ ಕಾಲು ಚಾಚಿ ಕೂತಿತ್ತು. ದಣಪೆಯ ಹತ್ತಿರ ನಾನು ಕೊಡೆ ಮಡಿಸುವುದು ಕಂಡು ಅಲ್ಲಿಂದಲೇ ಕೂಗಿತು.

"ಯಾರ ಮನೆ ಕೂಸೇ? ಒದ್ದೆ ಆಗಡ, ಒಳಗೆ ಬಾ."

ನಮ್ಮ ಕಡೆ ಹೆಣ್ಣುಮಕ್ಕಳನ್ನು ಕೂಸೇ ಅಂತ ಕರೆಯುತ್ತಾರೆ. ಮದುವೆ ಆಗುವ ತನಕ. ನಾನು ಹೋಗಿ ಕೂತೆ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಆಧಾರ್ ಕಾರ್ಡು ಗೋಡೆಯ ದೇವರ ಪಟದ ಹಿಂದೆ ಇತ್ತು. 01-01-1950.

"ಎಪ್ಪತ್ತೈದಾ ಅಜ್ಜಿ?"

"ಅದ್ಯಾರು ಬರೆದಿದ್ದೋ. ನೀರು ಬಂತಲ್ಲ, ಆಗ ನನ್ನ ಕಂಕುಳಲ್ಲಿ ಎರಡನೇ ಮಗ."

ನೀರು ಬಂತು ಅಂದರೆ ಲಿಂಗನಮಕ್ಕಿ. ಅಣೆಕಟ್ಟು ಮುಗಿದದ್ದು 1964ರಲ್ಲಿ. ಕಾರ್ಡಿನ ಲೆಕ್ಕ ಹಿಡಿದರೆ ಅಜ್ಜಿಗೆ ಆಗ ಹದಿನಾಲ್ಕು, ಎರಡು ಮಕ್ಕಳು. ಮದುವೆ ಆದದ್ದು ಹದಿನಾರಕ್ಕೆ ಅಂತ ಅದೇ ಹೇಳಿತು. ನಾನು ಬೆರಳಿನಲ್ಲಿ ಎಣಿಸಿದೆ. ಎಂಬತ್ತೆರಡು, ಎಂಬತ್ತಮೂರು. ಅಜ್ಜಿಯನ್ನೂ ಯಾರೋ ಮುಖ ನೋಡಿ ಏಳೆಂಟು ವರ್ಷ ಚಿಕ್ಕದು ಮಾಡಿದ್ದರು. 2023ರ ಆ ಚುನಾವಣೆಯಲ್ಲಿ ಎಂಬತ್ತು ದಾಟಿದವರಿಗೆ ಮನೆಯಲ್ಲೇ ಮತ ಹಾಕುವ ಸೌಲಭ್ಯ ಬಂದಿತ್ತು. ಕಾರ್ಡಿನಲ್ಲಿ ಎಪ್ಪತ್ತಮೂರು ಇದ್ದ ಅಜ್ಜಿ ಮೊಮ್ಮಗನ ಬೈಕಿನ ಹಿಂದೆ ಕೂತು ಹೋಗಿ ಬಂದಿತ್ತಂತೆ. ಅದನ್ನು ಹೇಳುವಾಗ ಅದಕ್ಕೆ ಬೇಜಾರೇನೂ ಇರಲಿಲ್ಲ. ಬೈಕು ಕೂತದ್ದು ಅದೇ ಮೊದಲಂತೆ.

ಕೂಸು ಅಂದುಕೊಂಡೇ ಅಜ್ಜಿ ಎಷ್ಟೋ ಹೇಳಿತು. ಮುಳುಗಿದ ಮನೆಯ ಬಾಗಿಲನ್ನು ಕಿತ್ತು ಗಾಡಿಯಲ್ಲಿ ತಂದದ್ದು, ಅದೇ ಈ ಬಾಗಿಲು ಅಂತ ತೋರಿಸಿದ್ದು. ಬೇಸಿಗೆಯಲ್ಲಿ ನೀರು ಇಳಿದಾಗ ಹಳೇ ಮರದ ಬೊಡ್ಡೆ ಕಾಣುವುದು. ಸೊಸೆಯ ಮೇಲೆ ಒಂದೆರಡು ದೂರು, ದನಿ ತಗ್ಗಿಸಿ. ದೊಡ್ಡವಳು ಅಂತ ಗೊತ್ತಿದ್ದರೆ ಸೊಸೆಯ ವಿಷಯ ಬರುತ್ತಿರಲಿಲ್ಲ.

ಕೊನೆಗೆ ಅದೇ ಕೇಳಿತು, "ಓದ್ತಾ ಇದ್ಯಾ?"

ಅಭ್ಯಾಸಬಲ. "ಇಲ್ಲ ಅಜ್ಜಿ, ನಾನು ಹೈಸ್ಕೂಲ್ ಟೀಚರ್. ನಲವತ್ತೆರಡು ನನಗೆ" ಅಂದೆ.

ಅಜ್ಜಿ ಚಾಚಿದ್ದ ಕಾಲು ಮಡಚಿತು. ಸೆರಗು ಸರಿಮಾಡಿಕೊಂಡಿತು. "ಅಯ್ಯೋ, ಗೊತ್ತಾಗಲಿಲ್ಲ. ಅಲ್ಲಿ ನೆಲದ ಮೇಲೆ ಯಾಕೆ ಕೂತ್ರಿ? ಕುರ್ಚಿ ಉಂಟು, ಕೂತ್ಕಳಿ." ಪ್ಲಾಸ್ಟಿಕ್ ಕುರ್ಚಿ ಎಳೆಯಲು ಏಳಹೋಯಿತು. ನಾನೇ ಎದ್ದು ತಂದುಕೊಂಡೆ. ಅದರ ಮೇಲೆ ಕೂತರೆ ನನ್ನ ಕಾಲು ನೆಲಕ್ಕೆ ತಾಗುವುದಿಲ್ಲ. ಉಳಿದ ಪ್ರಶ್ನೆಗಳಿಗೆಲ್ಲ ಉತ್ತರ ಒಂದೊಂದೇ ಮಾತಿನಲ್ಲಿ ಬಂತು. ಹೌದು. ಇಲ್ಲ. ಗೊತ್ತಿಲ್ಲ, ಮಗನ್ನ ಕೇಳಿ.

ಅವತ್ತು ಆ ಮನೆಯ ಕೆಲಸ ಮುಗಿಯಲಿಲ್ಲ. ನೆಟ್‌ವರ್ಕ್ ಇಲ್ಲದೆ ಓಟಿಪಿ ಬರಲಿಲ್ಲ. ನಾನು ಗುಡ್ಡದ ತುದಿಗೆ ಹೋಗಿ ಕೈ ಎತ್ತಿ ನಿಂತರೂ ಬರಲಿಲ್ಲ. ನಾಲ್ಕಡಿ ಒಂಬತ್ತಿಂಚಿನವಳು ಕೈ ಎತ್ತಿದರೆ ಎಷ್ಟು ಎತ್ತರ ಆದೀತು? ಮಾರನೇ ದಿನ ಮತ್ತೆ ಹೋದೆ. ಮಳೆ ನಿಂತಿತ್ತು. ಅಜ್ಜಿ ಅದೇ ಕಂಬಕ್ಕೆ ಒರಗಿ ಕೂತಿತ್ತು. ಕಣ್ಣಿನಲ್ಲಿ ಪೊರೆ ಅಂತ ಕಾಣುತ್ತದೆ, ಕೈ ಅಡ್ಡ ಹಿಡಿದು ನನ್ನ ಕಡೆ ನೋಡಿತು. ನಿನ್ನೆಯದು ನೆನಪಿರಲಿಲ್ಲವೋ, ಗಾತ್ರ ಅಷ್ಟೇ ಕಂಡಿತೋ.

"ಯಾರ ಮನೆ ಕೂಸೇ?"

ನಾನು ಊರಿನ ಹೆಸರು ಹೇಳಿದೆ. ಅಪ್ಪಯ್ಯನ ಹೆಸರು ಹೇಳಿದೆ.

"ಓ. ಬಾ, ಕೂರು. ಮಜ್ಜಿಗೆ ಕುಡಿತ್ಯಾ?"

ಕುರ್ಚಿ ಅಲ್ಲೇ ಇತ್ತು. ನಾನು ಕೆಮ್ಮಣ್ಣಿನ ನೆಲದ ಮೇಲೆ ಕೂತು ಕುಡಿಯುತ್ತೇನೆ ಅಂದೆ.